2026ರ ಮಾರ್ಚ್ 31ಕ್ಕ ತೊಗರಿ ಮುಕ್ತ ಆಮದಿನ ಗಡುವು ಮುಗೀತದ. ಈ ಸಲ ಮೊದಲೇ ದನಿ ಎತ್ತಬೇಕಲ್ಲ?

ಜೇವರ್ಗಿ_ಹೊಲ:
ಎಲ್ಲರಿಗೂ ಶರಣ್ರಿ. 2025ರ ಡಿಸೆಂಬರ್ ಇದು, ಎಳ್ಳಮಾಸಿ ಹತ್ತರ ಬಂತು, ಹೊಲದಾಗ ಕಾಯಿ ತುಂಬ್ಲತ್ತದ. ಸೆಪ್ಟೆಂಬರ್‌ದಾಗ ಭೀಮಾ ಹೊಳಿ ಬಂದು ದಂಡಿ ಹೊಲ ಎಲ್ಲಾ ನಿಂತ ನೀರಾಗೇ ಕೊಳೆತು ಹೋದ್ವು. ಎತ್ತರದ ಹೊಲದಾಗ ಉಳಿದಿದ್ದೇ ನಮ್ಮ ಪಾಲಿಗೆ ಈ ವರ್ಷದ ಬೆಳಿ. ಅದಕ್ಕ ಕೇಂದ್ರ ಸರ್ಕಾರ 2025-26ಕ್ಕ ಕ್ವಿಂಟಲ್‌ಗೆ 8,000 ರೂಪಾಯಿ ಬೆಂಬಲ ಬೆಲೆ ಅಂತ ಹೇಳ್ಯಾದ. ಗಂಜ್‌ದಾಗ (ನಮ್ಮ ಕಾಳಿನ ಮಾರುಕಟ್ಟೆ) ಮಾತ್ರ ರೇಟ್ ಅದಕ್ಕಿಂತ ಕೆಳಗೇ ಕುಂತದ.

ನಾ ಕೇಳೋದು ಬ್ಯಾರೆ. 2021ರ ಮೇ 15ಕ್ಕ ತೊಗರಿ ಆಮದನ್ನ 'ಮುಕ್ತ' ಅಂತ ಮಾಡಿದ್ರು, ಅಂದ್ರ ಎಷ್ಟು ಬೇಕಾದ್ರೂ ತರಬಹುದು. ಅಲ್ಲಿಂದ ಇಲ್ಲೀತನಕ ಗಡುವು ಮುಂದೂಡಿಕೋತೇ ಬಂದಾರ. ಕೊನೆ ಸಲ ಮುಂದೂಡಿದ್ದು ಯಾವಾಗ ಗೊತ್ತೇನ್ರಿ? 2025ರ ಜನವರಿ 20ಕ್ಕ. ನಾವು ರಾಶಿ ಮಾಡಿ ಚೀಲ ಹೊಲಿಯೋ ಹೊತ್ತಿಗೆ, ಇನ್ನೂ ಒಂದು ವರ್ಷ ಹೊರಗಿನ ತೊಗರಿ ಮಿತಿ ಇಲ್ಲದೇ ಬರಲಿ ಅಂತ ಆದೇಶ ಬಂತು. ಆ ಗಡುವು 2026ರ ಮಾರ್ಚ್ 31ಕ್ಕ ಮುಗೀತದ. ಮತ್ತ ಈ ಜನವರಿಗೂ ಹಂಗೇ ಆಗೋದು ಬ್ಯಾಡ. ಏನು ಬೇಡಬೇಕು, ಯಾರಿಗೆ ಬೇಡಬೇಕು, ತಿಳಿದವರು ಹೇಳ್ರಿ. ಹೋದ ವರ್ಷ ಎಲ್ಲಾ ಮುಗಿದ ಮ್ಯಾಲ ರಸ್ತೆಗೆ ಇಳಿದ್ವಿ, ಏನೂ ಸಿಗಲಿಲ್ಲ.

ಗಂಜ್_ಅಡತಿ:
ಜನವರಿ ತಾರೀಖಿನ ಮಾತು ಖರೇ ಅದ. ಅಂಥಾ ಆದೇಶ ಬಂದ ದಿನ ಸವಾಲಿನ (ಹರಾಜಿನ) ಕಟ್ಟಿ ಮ್ಯಾಲ ನಿಂತು ನೋಡಬೇಕು ನೀವು. ಮುಂಜಾನೆ ಖರೀದಿದಾರ ಬರ್ತಾನ, ರಾಶಿಯೊಳಗ ಮೊಣಕೈತನಕ ಕೈ ಹಾಕಿ ತಳದ ಕಾಳು ತೆಗೀತಾನ, ಒಂದು ಕಾಳು ಹಲ್ಲಾಗ ಕಡಿದು ಹಸಿ ಅದನೋ ಒಣಗ್ಯಾದೋ ನೋಡ್ತಾನ. ಅಷ್ಟರಾಗ ಫೋನ್ ಬರ್ತದ, ಮುಂಬೈದಾಗ ಬರ್ಮಾ ಲೆಮನ್ ತೊಗರಿ (ಮ್ಯಾನ್ಮಾರ್‌ದಿಂದ ಬರೋ ತೊಗರಿ) ರೇಟ್ ಎಷ್ಟು ಇಳೀತು ಅಂತ. ಕಾಳು ಅಲ್ಲೇ ರಾಶಿಗೆ ಚೆಲ್ಲಿ ಹೋಗಿಬಿಡ್ತಾನ. ಮಾಲು ಹಡಗಿನಾಗ ಇರ್ತದೋ ಇಲ್ಲೋ, ರೇಟ್ ಮಾತ್ರ ಅದೇ ದಿನ ಇಳೀತದ. ರೈತರು ಬಂದು ಅಡತಿಯವನ ಮ್ಯಾಲ ಸಿಟ್ಟಾಗ್ತಾರ. ನಮ್ಮ ಕೈಯಾಗ ಏನದ ಹೇಳ್ರಿ.

ಆಳಂದ_ಟು_ಬೆಂಗಳೂರು:
ನಾನೂ ರೈತನ ಮಗನೇ, ಆದರೆ ಇನ್ನೊಂದು ಮಗ್ಗುಲನ್ನೂ ನೋಡಿ. 2024ರಲ್ಲಿ ತೊಗರಿ ಕ್ವಿಂಟಲ್‌ಗೆ 10,000 ದಾಟಿದಾಗ ಇಲ್ಲಿ ಬೇಳೆ ಕಿಲೋಗೆ 170ರ ಮೇಲೆ ಹೋಗಿತ್ತು. ನಮ್ಮ ಓಣಿಯಲ್ಲಿ ಕಟ್ಟಡ ಕೆಲಸಕ್ಕೆ ಬರುವವರಲ್ಲಿ ಅರ್ಧ ಜನ ಯಾದಗಿರಿ, ಸುರಪುರ ಕಡೆಯವರು. ತೊಗರಿ ನಾಡಿನ ಜನವೇ ತೊಗರಿ ಬೇಳೆ ಕೊಳ್ಳಲಾಗದೆ ಸಾರು ತೆಳ್ಳಗೆ ಮಾಡಿಕೊಂಡು ತಿಂದರು. ಆಮದು ಪೂರ್ತಿ ನಿಲ್ಲಿಸಿ ಅನ್ನುವುದು ಸರಿಯಲ್ಲ.

ಜೇವರ್ಗಿ_ಹೊಲ:
ಪೂರ್ತಿ ನಿಲ್ಲಸ್ರಿ ಅಂತ ನಾ ಎಲ್ಲಿ ಅಂದೀನಿ? ನಮ್ಮ ಮಾಲು ಬರೋ ಹೊತ್ತಿಗೆ ಬ್ಯಾಡ ಅಂತೀನಿ, ಅಷ್ಟೇ.

ಔರಾದ_ಕರಿಮಣ್ಣು:
ಏನು ಚರ್ಚೆ ಬೇಕ್ರಿ ಇದಕ್ಕ? 50 ಪರ್ಸೆಂಟ್ ಸುಂಕ ಹಾಕ್ರಿ, ಮುಗೀತು. ಕಡಲೆಗೆ 2018ರಾಗ 60 ಪರ್ಸೆಂಟ್ ಹಾಕಿದ್ರಲ್ಲ. ತೊಗರಿಗೆ ಯಾಕ ಹಾಕಲ್ಲ?

ಸೇಡಂ_ವಕೀಲ:
ಔರಾದ ಅಣ್ಣಾವ್ರೇ, ಬರೇ ಸುಂಕ ಹಾಕಿದರೆ ತೊಗರಿಗೆ ಏನೂ ಉಪಯೋಗ ಇಲ್ಲ. ಕಾರಣ ಹೇಳ್ತೀನಿ ಕೇಳಿ.

ನಮಗೆ ತೊಗರಿ ಬರೋದು ಮುಖ್ಯವಾಗಿ ಮೊಜಾಂಬಿಕ್, ಮ್ಯಾನ್ಮಾರ್, ತಾಂಜಾನಿಯಾ, ಮಲಾವಿ ದೇಶಗಳಿಂದ. ವಿಶ್ವಸಂಸ್ಥೆಯ ಲೆಕ್ಕದಲ್ಲಿ ಇವೆಲ್ಲ ಅತಿ ಹಿಂದುಳಿದ ದೇಶಗಳು. ಅಂಥ ದೇಶಗಳ ಸರಕಿಗೆ ಭಾರತ 2008ರಿಂದ ಸುಂಕ ವಿನಾಯಿತಿ ಕೊಡ್ತಾ ಬಂದಿದೆ. 2023ರ ಮಾರ್ಚ್‌ನಲ್ಲಿ ಇಡಿ ತೊಗರಿ ಮೇಲಿನ 10 ಪರ್ಸೆಂಟ್ ಸುಂಕ ತೆಗೆದ್ರು ಅಂತ ದೊಡ್ಡ ಸುದ್ದಿ ಆಯ್ತು. ಅದಕ್ಕೂ ಮೊದಲೇ ಈ ದೇಶಗಳ ತೊಗರಿ ಸುಂಕ ಇಲ್ಲದೇ ಬರ್ತಿತ್ತು. ಕಡಲೆ ಬರೋದು ಬಹುಪಾಲು ಆಸ್ಟ್ರೇಲಿಯಾದಿಂದ, ಅದಕ್ಕೆ ಸುಂಕ ತಾಗ್ತದೆ. ಹಾಗಾಗಿ ಕಡಲೆಯ ಲೆಕ್ಕವನ್ನ ತೊಗರಿಗೆ ಹಚ್ಚೋಕೆ ಬರೋದಿಲ್ಲ.

ತೊಗರಿಯನ್ನ ನಿಜಕ್ಕೂ ತಡೆದದ್ದು ಪ್ರಮಾಣದ ಮಿತಿ. 2017ರ ಆಗಸ್ಟ್‌ನಲ್ಲಿ ವಿದೇಶಿ ವ್ಯಾಪಾರ ಕಾಯ್ದೆಯಡಿ ತೊಗರಿಯನ್ನ 'ನಿರ್ಬಂಧಿತ' ಪಟ್ಟಿಗೆ ಹಾಕಿ, ವರ್ಷಕ್ಕೆ 2 ಲಕ್ಷ ಟನ್ ಅಂತ ಕಟ್ಟು ಮಾಡಿದ್ರು. 2021ರ ಮೇನಲ್ಲಿ ತೆಗೆದದ್ದು ಅದನ್ನೇ.

ಚಿಂಚೋಳಿ_ಹುಡುಗ:
ಅಂದ್ರ ಸುಂಕ ಹಾಕಿದ್ರೂ ಮೊಜಾಂಬಿಕ್ ಮಾಲಿಗೆ ತಾಗಲ್ಲೇನ್ರಿ? ಇದನ್ನ ಯಾರೂ ನಮಗ ಹೇಳೇ ಇಲ್ಲ.

ಸೇಡಂ_ವಕೀಲ:
ಆ ವಿನಾಯಿತಿ ಪಟ್ಟಿಯಿಂದ ತೊಗರಿಯನ್ನ ಹೊರಗಿಟ್ಟರೆ ಮಾತ್ರ ತಾಗ್ತದೆ.

ಔರಾದ_ಕರಿಮಣ್ಣು:
ಹಂಗಾದ್ರ ಹೊರಗಿಡ್ರಿ. ಬೀದರ್‌ದಾಗ ಉದ್ದು, ಸೋಯಾ ಎರಡೂ ಮಳಿಗೆ ಹೋದ್ವು ಈ ವರ್ಷ. ತೊಗರಿನೂ ಹೋದ್ರ ನಾವು ಹೈದರಾಬಾದ್ ಬಸ್ ಹತ್ತಬೇಕು.

ಬೇಳೆ_ಮಿಲ್ಲಿನವ:
ಇಲ್ಲಿ ಒಂದು ಮಾತು ನಾನೂ ಹೇಳಬೇಕು. ನಮ್ಮ ಜಿಲ್ಲೆಯ ತೊಗರಿ ಡಿಸೆಂಬರ್ ಕೊನೆಯಿಂದ ಮಾರ್ಚ್‌ತನಕ ಜೋರಾಗಿ ಬರ್ತದ. ಆಮೇಲೆ ಮಳೆಗಾಲಕ್ಕ ಮಿಲ್ಲು ಖಾಲಿ. ಹಮಾಲರು, ಜರಡಿ ಹಿಡಿಯೋ ಹೆಣ್ಣುಮಕ್ಕಳು, ಡ್ರೈವರ್‌ಗಳು, ಎಲ್ಲಾರ ಮನೆ ಈ ಮಿಲ್ಲುಗಳ ಮ್ಯಾಲೇ ನಡೀತಾವ. ಆಗಸ್ಟ್‌ದಿಂದ ಆಫ್ರಿಕಾದ ಮಾಲು ಬಂದ್ರ ನಾಲ್ಕು ತಿಂಗಳು ಕೆಲಸ ಸಿಗ್ತದ. ನೂರು ಕಿಲೋ ತೊಗರಿ ಹಾಕಿದ್ರ ಎಪ್ಪತ್ತರ ಆಸುಪಾಸು ಬೇಳೆ ಬೀಳ್ತದ, ಉಳಿದದ್ದು ನುಚ್ಚು, ಹೊಟ್ಟು. ಮಿಲ್ಲು ನಿಂತರೂ ಕರೆಂಟ್ ಬಿಲ್ಲು, ಬ್ಯಾಂಕ್ ಬಡ್ಡಿ ನಿಲ್ಲೋದಿಲ್ಲ. ಆಮದು ಅಂದ ಕೂಡಲೇ ಮಿಲ್ಲಿನವರನ್ನ ಕಳ್ಳರಂಗ ನೋಡಬ್ಯಾಡ್ರಿ.

ಜೇವರ್ಗಿ_ಹೊಲ:
ಆಗಸ್ಟ್‌ದಿಂದ ನವೆಂಬರ್‌ತನಕ ಬರಲಿ ಅಣ್ಣಾ, ನಮ್ಮ ತಕರಾರು ಇಲ್ಲ. ಆದ್ರ ಆಗ ತಂದ ಮಾಲನ್ನ ಜನವರಿತನಕ ಗೋದಾಮಿನಾಗ ಇಟ್ಕೊಂಡು, ನಮ್ಮ ರಾಶಿ ಬಂದಾಗ ನಮಗ ಮಾಲು ಬ್ಯಾಡ ಅಂದ್ರ ಹ್ಯಾಂಗ?

ಬೇಳೆ_ಮಿಲ್ಲಿನವ:
ದಾಸ್ತಾನು ಮಿತಿ ನಮ್ಮ ಮ್ಯಾಲೂ ಹಾಕಿದ್ರಲ್ಲ, 2023ರ ಜೂನ್‌ದಾಗ. ಸಗಟು ವ್ಯಾಪಾರಿಗೆ 200 ಟನ್ ಅಂದ್ರು, ಸೆಪ್ಟೆಂಬರ್‌ದಾಗ 50ಕ್ಕ ಇಳಿಸಿದ್ರು. 2024ರಾಗ ಮತ್ತ ಹಾಕಿದ್ರು. ಮಿತಿ ಅಂದ್ರ ವ್ಯಾಪಾರಿ ಸುಗ್ಗಿಯೊಳಗೂ ಖರೀದಿ ಮಾಡಾಕ ಅಂಜ್ತಾನ. ರೇಟ್ ಏರಿದಾಗ ಬರೋ ಸರ್ಕಾರ, ರೇಟ್ ಇಳಿದಾಗ ಯಾಕ ಬರಲ್ಲ? ಇದನ್ನ ರೈತರು, ಮಿಲ್ಲಿನವರು ಕೂಡೇ ಕೇಳಬೇಕು.

ಅರ್ಥಶಾಸ್ತ್ರ_ಮೇಷ್ಟ್ರು:
ಮಿಲ್ಲಿನವರ ಕೊನೆಯ ಪ್ರಶ್ನೆಯೇ ಮುಖ್ಯ. ಸ್ವಲ್ಪ ಹಿಂದಿನದ್ದು ನೆನಪು ಮಾಡಿಕೊಡ್ತೀನಿ.

2015ರಲ್ಲಿ ಬೇಳೆ ಕಿಲೋಗೆ 200 ಮುಟ್ಟಿತು. ಗಾಬರಿಯಾದ ಸರ್ಕಾರ 2016ರ ಜುಲೈನಲ್ಲಿ ಮೊಜಾಂಬಿಕ್ ಜೊತೆ ಒಪ್ಪಂದ ಮಾಡಿಕೊಂಡಿತು. ವರ್ಷ ವರ್ಷ ಹೆಚ್ಚಿಸುತ್ತಾ 2 ಲಕ್ಷ ಟನ್‌ವರೆಗೆ ತರುವ ಭರವಸೆ. ಅದೇ ಹೊತ್ತಿಗೆ ಏರಿದ ರೇಟ್ ನೋಡಿ ನಮ್ಮ ರೈತರೂ ತೊಗರಿ ಬಿತ್ತಿದರು, ಮಳೆಯೂ ಚೆನ್ನಾಗಿ ಆಯಿತು. 2016-17ರಲ್ಲಿ ದೇಶದಲ್ಲಿ ಸುಮಾರು 48 ಲಕ್ಷ ಟನ್ ತೊಗರಿ ಬೆಳೆಯಿತು. ಎರಡೂ ಒಟ್ಟಿಗೆ ಮಾರುಕಟ್ಟೆಗೆ ಬಂದವು. ಬೋನಸ್ ಸೇರಿ ಬೆಂಬಲ ಬೆಲೆ 5,050 ಇದ್ದರೂ ಗಂಜ್‌ನಲ್ಲಿ 4,000ಕ್ಕಿಂತ ಕೆಳಗೆ ಕೊಟ್ಟವರು ಇಲ್ಲಿ ಬಹಳ ಜನ ಇದ್ದೀರಿ. ಮೊಜಾಂಬಿಕ್ ಒಪ್ಪಂದವನ್ನು 2021ರಲ್ಲಿ ಇನ್ನೂ ಐದು ವರ್ಷಕ್ಕೆ ಮುಂದುವರಿಸಿದರು. ಅದೇ ವರ್ಷ ಮಲಾವಿ ಜೊತೆ 50,000 ಟನ್‌ಗೆ, ಮ್ಯಾನ್ಮಾರ್ ಜೊತೆ 1 ಲಕ್ಷ ಟನ್ ತೊಗರಿ ಮತ್ತು 2.5 ಲಕ್ಷ ಟನ್ ಉದ್ದಿಗೆ ಒಪ್ಪಂದ ಆಯಿತು. ಈ ಮೂರರ ಅವಧಿಯೂ 2025-26ಕ್ಕೆ ಮುಗಿಯುತ್ತದೆ. ಅಂದರೆ ಈ ಮಾರ್ಚ್‌ಗೆ ಮುಗಿಯುವುದು ಮುಕ್ತ ಆಮದಿನ ಗಡುವು ಒಂದೇ ಅಲ್ಲ. ಒಪ್ಪಂದಗಳೂ ಮತ್ತೆ ಮೇಜಿನ ಮೇಲೆ ಬರುತ್ತವೆ. ನಾವು ದನಿ ಎತ್ತುವುದಾದರೆ ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ.

ಬೆಂಬಲ ಬೆಲೆಯ ಬಗ್ಗೆಯೂ ಒಂದು ಮಾತು. 2016ರ ಸೆಪ್ಟೆಂಬರ್‌ನಲ್ಲೇ ಆಗಿನ ಕೇಂದ್ರದ ಮುಖ್ಯ ಆರ್ಥಿಕ ಸಲಹೆಗಾರ ಅರವಿಂದ್ ಸುಬ್ರಮಣಿಯನ್ ವರದಿ 2017ರ ಮುಂಗಾರಿನ ತೊಗರಿಗೆ ಕಿಲೋಗೆ 60, ಅಂದರೆ ಕ್ವಿಂಟಲ್‌ಗೆ 6,000 ಕೊಡಿ ಅಂದಿತ್ತು. ಆ ವರ್ಷ ಕೊಟ್ಟದ್ದು 5,450. ಕ್ವಿಂಟಲ್‌ಗೆ 6,000 ಆದದ್ದು 2020-21ಕ್ಕೆ.

ಶಹಾಪುರದ_ಸೊಸಿ:
ನೀವೆಲ್ಲಾ ದಿಲ್ಲಿ, ಮೊಜಾಂಬಿಕ್ ಅಂತೀರಿ. ನಾ ಖರೀದಿ ಕೇಂದ್ರದ್ದು ಹೇಳ್ತೀನಿ.

ನಮ್ಮ ಹೊಲದ ಪಹಣಿ ಇನ್ನೂ ಮಾವನ ಹೆಸರಿಲೇ ಅದ. ಮಾವ ತೀರಿಕೊಂಡ ಮ್ಯಾಲ ಪೌತಿ ಖಾತೆ (ವಾರಸುದಾರರ ಹೆಸರಿಗೆ ಬದಲಾವಣಿ) ಆಗಿಲ್ಲ, ನಾಲ್ಕು ಮಂದಿ ಅಣ್ಣತಮ್ಮರ ಸಹಿ ಆಗಬೇಕು. ಪಹಣಿ ಇಲ್ಲದ್ದಕ್ಕ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ನಂಬರ್) ಇಲ್ಲ, ಐಡಿ ಇಲ್ಲದ್ದಕ್ಕ ನೋಂದಣಿ ಇಲ್ಲ, ನೋಂದಣಿ ಇಲ್ಲದ್ದಕ್ಕ 8,000 ನಮಗಲ್ಲ. ಬಿತ್ತಿದಾಕಿ ನಾನು, ಕಳೆ ತೆಗೆದಾಕಿ ನಾನು, ಕಾಯಿಕೊರಕಕ್ಕ ಎಣ್ಣಿ ಹೊಡೆಯೋ ಆಳಿಗೆ ಕೂಲಿ ಕೊಟ್ಟಾಕಿ ನಾನು. ಕೇಂದ್ರದಾಗ ನನ್ನ ಹೆಸರೇ ಇಲ್ಲ.

ಐಡಿ ಇದ್ದವರಿಗೂ ಸುಲಭ ಇಲ್ರಿ. ಎಕರೆಗೆ ಇಷ್ಟೇ ಕ್ವಿಂಟಲ್ ಅಂತ ಮಿತಿ. ಹಸಿ 12 ಪರ್ಸೆಂಟ್ ದಾಟಬಾರದು ಅಂತ ಮೀಟರ್ ಹಿಡೀತಾರ. ಮಂಜು ಬೀಳೋ ದಿನದಾಗ ಮುಂಜಾನೆ ಚೀಲ ಬಿಚ್ಚಿದ್ರ 13 ತೋರಸ್ತದ, ಅದೇ ಕಾಳು ಮಧ್ಯಾಹ್ನ ಬಿಸಿಲಿಗೆ ಹರವಿದ್ರ ಕೆಳಗ ಬರ್ತದ. ಅಷ್ಟೊತ್ತಿಗೆ ಪಾಳಿ ಹೋಗಿರ್ತದ. ರೊಕ್ಕ ಖಾತೆಗೆ ಬರೋದು ಯಾವಾಗೋ. ಊರಾಗಿನ ವ್ಯಾಪಾರಿ ಮನಿ ಮುಂದ ಬಂದು ಸೂಟು ಹಿಡಿದ್ರೂ (ತೂಕದಾಗ ಕಡಿತ ಮಾಡಿದ್ರೂ) ಅವತ್ತೇ ನಗದು ಕೊಡ್ತಾನ. ಮಗಳ ಹಾಸ್ಟೆಲ್ ಫೀ ಜನವರಿಗೆ ಕಟ್ಟಬೇಕು. ನಾ ಯಾರಿಗೆ ಕೊಡ್ಲಿ ಹೇಳ್ರಿ.

ಚಿಂಚೋಳಿ_ಹುಡುಗ:
ಅಕ್ಕಾ, ನೀವು ಹೇಳಿದ್ದು ನೂರಕ್ಕ ನೂರು ಖರೇ. ನಮ್ಮ ತಾಂಡಾದಾಗ ಲಾವಣಿ (ಗುತ್ತಿಗೆ) ಹೊಲ ಮಾಡೋರಿಗೂ ಇದೇ ಕಥಿ. ಹೊಲದ ಮಾಲಕರು ಕಲಬುರಗಿದಾಗ ಇರ್ತಾರ, ಅವರ ಹೆಸರಿಗೆ ನೋಂದಣಿ, ಅವರಿಗೆ ಬೆಂಬಲ ಬೆಲೆ. ಬೆಳೆದವರಿಗೆ ಗಂಜ್ ರೇಟ್.

ಸೇಡಂ_ವಕೀಲ:
ಅಕ್ಕಾವ್ರೇ, ಪೌತಿ ಖಾತೆಗೆ ಜಗಳ ಇಲ್ಲದಿದ್ದರೆ ವಂಶವೃಕ್ಷ, ಮರಣ ಪ್ರಮಾಣಪತ್ರ ಇಟ್ಟು ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಮೊದಲು ಎಲ್ಲಾ ವಾರಸುದಾರರ ಹೆಸರಿಗೆ ಜಂಟಿಯಾಗಿ ಆಗಲಿ, ಪಾಲು ಆಮೇಲೆ ಮಾಡಿಕೊಳ್ಳಬಹುದು. ಪಾಲು ಆಗೋತನಕ ಖಾತೆ ಬೇಡ ಅಂತ ಕಾಯೋದೇ ಬಹಳ ಮನೆಗಳಲ್ಲಿ ತೊಂದರೆ.

ಶಹಾಪುರದ_ಸೊಸಿ:
ಜಂಟಿ ಮಾಡಬಹುದು ಅಂತ ಗೊತ್ತಿರ್ಲಿಲ್ರಿ. ಕೇಳ್ತೀನಿ. ಶರಣ್ರಿ.

ಕಮಲಾಪುರ_ಕಾಕಾ:
ನಮ್ಮ ತೊಗರಿಗೆ 2019ರಾಗ ಭೌಗೋಳಿಕ ಸೂಚಕ (ಈ ನೆಲದ ಬೆಳಿ ಅನ್ನೋ ಜಿಐ ಗುರುತು) ಸಿಕ್ಕದ. ಸುಣ್ಣದ ಕಲ್ಲಿನ ನೆಲ, ಸೇಡಂ ಚಿತ್ತಾಪುರ ಕಡೆ ಸಿಮೆಂಟ್ ಕಾರ್ಖಾನೆಗಳು ಯಾಕ ಬಂದಾವ, ಅದೇ ಕಾರಣಕ್ಕ ಬೇಳೆಗೆ ಆ ರುಚಿ. ಬಾಸ್ಮತಿಗೆ ಸಿಗೋ ರೇಟ್ ನಮಗೂ ಸಿಗಬೇಕು.

ಗಂಜ್_ಅಡತಿ:
ಸೂಚಕ ಸಿಕ್ಕು ಏನಾಯ್ತು ಕಾಕಾ? ಮೊಜಾಂಬಿಕ್ ತೊಗರಿ ಇಲ್ಲೇ ಒಡೆದು, ಇಲ್ಲೇ ಪಾಲಿಶ್ ಮಾಡಿ, ಚೀಲದ ಮ್ಯಾಲ ಗುಲಬರ್ಗಾ ಬೇಳೆ ಅಂತ ಬರೆದ್ರ ಬೆಂಗಳೂರಿನ ಗಿರಾಕಿಗೆ ಹ್ಯಾಂಗ ಗೊತ್ತಾಗ್ತದ? ಅದನ್ನ ಹಿಡಿಯೋರು ಯಾರು?

ಕಮಲಾಪುರ_ಕಾಕಾ:
ಹಿಡೀಬೇಕು. ಇದನ್ನೂ ಬೇಡಿಕೆಯೊಳಗ ಹಾಕ್ರಿ. ಚೀಲದ ಮ್ಯಾಲ ಯಾವ ದೇಶದ ಕಾಳು ಅಂತ ಬರೀಬೇಕು.

ರಾಯಚೂರು_ರಸ್ತೆ:
ನಮ್ಮ ಕಲ್ಯಾಣ ಕರ್ನಾಟಕಕ್ಕ ವಿಶೇಷ ಸ್ಥಾನ ಕೊಡೋ ಸಂವಿಧಾನದ 371(ಜೆ) ಬಂದು ಹತ್ತು ವರ್ಷದ ಮ್ಯಾಲಾಯ್ತು. ಕಲ್ಯಾಣ ಕರ್ನಾಟಕ ಅಭಿವೃದ್ಧಿ ಮಂಡಳಿ ರೊಕ್ಕದಾಗ ಪ್ರತಿ ತಾಲೂಕಿಗೂ ಗೋದಾಮು ಕಟ್ಟಿದ್ರ ಈ ಗೋಳೇ ಇರ್ತಿರ್ಲಿಲ್ಲ. ನೌಕರಿ ಮೀಸಲಾತಿ ವಿಷಯಕ್ಕ ಬಂದ್ರ...

ಜೇವರ್ಗಿ_ಹೊಲ:
ನೌಕರಿ ವಿಷಯ ಬ್ಯಾರೆ ಎಳೆಯೊಳಗ ಮಾತಾಡೋಣ್ರಿ, ದಯವಿಟ್ಟು. ಗೋದಾಮಿನ ಮಾತು ಸರಿ ಅದ. ಮಾಲು ಇಟ್ಟು ರಸೀದಿ ಮ್ಯಾಲ ಸಾಲ ಸಿಕ್ಕರ ಜನವರಿಗೇ ಮಾರೋ ಗರಜು ಇರಲ್ಲ.

ಚಿಂಚೋಳಿ_ಹುಡುಗ:
ಹಳದಿ ಬಟಾಣಿ ಯಾರೂ ಎತ್ತಲೇ ಇಲ್ಲ! 2023ರ ಡಿಸೆಂಬರ್‌ದಿಂದ ಸುಂಕ ಇಲ್ಲದೇ ಸುರಿದಾರ. ಅಗ್ಗದ ಬಟಾಣಿ ಸಿಕ್ಕರ ಖಾನಾವಳಿಯವರು, ಹಿಟ್ಟಿನ ಗಿರಣಿಯವರು ಅದನ್ನೇ ತಗೋತಾರ. ಕಡಲೆ, ತೊಗರಿ ಎರಡರ ರೇಟೂ ಇಳೀತದ.

ಸೇಡಂ_ವಕೀಲ:
2025ರ ನವೆಂಬರ್ 1ರಿಂದ ಬಟಾಣಿಗೆ 30 ಪರ್ಸೆಂಟ್ ಸುಂಕ ಬಂದಿದೆ. ಅದಕ್ಕೂ ಮೊದಲು, ಸೆಪ್ಟೆಂಬರ್‌ನಲ್ಲಿ, ಕಿಸಾನ್ ಮಹಾಪಂಚಾಯತ್ ಅನ್ನೋ ರೈತ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಗಿ ಬಟಾಣಿ ಆಮದಿನ ಮೇಲೆ ಕೇಂದ್ರಕ್ಕೆ ನೋಟಿಸ್ ಹೊರಡಿಸಿತ್ತು. ಬಟಾಣಿ ಬರೋದು ಕೆನಡಾ, ರಷ್ಯಾದಿಂದ, ಹಾಗಾಗಿ ಅದಕ್ಕೆ ಸುಂಕ ಪೂರ್ತಿ ತಾಗ್ತದೆ.

ಆಳಂದ_ಟು_ಬೆಂಗಳೂರು:
ವಕೀಲರೇ, ಪ್ರಮಾಣ ಮಿತಿ ಹಾಕಿದರೆ ವಿಶ್ವ ವ್ಯಾಪಾರ ಸಂಸ್ಥೆಯವರು ಬಿಡ್ತಾರಾ?

ಸೇಡಂ_ವಕೀಲ:
ಆ ಸಂಸ್ಥೆಯ ಗ್ಯಾಟ್ ಅನ್ನೋ ವ್ಯಾಪಾರ ಒಪ್ಪಂದದ 11ನೇ ವಿಧಿ ಪ್ರಮಾಣ ಮಿತಿಯನ್ನ ಸಾಮಾನ್ಯವಾಗಿ ಒಪ್ಪೋದಿಲ್ಲ. 2017ರ ನಂತರದ ನಮ್ಮ ಮಿತಿಗಳನ್ನ ಕೆನಡಾ, ಆಸ್ಟ್ರೇಲಿಯಾ ಅಲ್ಲಿ ಪ್ರಶ್ನೆ ಮಾಡಿದ್ದವು. 2019ರ ಫೆಬ್ರವರಿಯಲ್ಲಿ ಅಮೆರಿಕ ಮತ್ತು ಕೆನಡಾ, ಭಾರತ ಬೇಳೆಕಾಳಿಗೆ ಕೊಡೋ ಬೆಂಬಲ ಬೆಲೆಯೇ ಮಿತಿ ಮೀರಿದೆ ಅಂತ ಲೆಕ್ಕ ಸಲ್ಲಿಸಿದವು. ಅಂದರೆ ಬೆಂಬಲ ಬೆಲೆ ಕೊಟ್ಟರೂ ತಕರಾರು, ಆಮದು ತಡೆದರೂ ತಕರಾರು.

ದೇಶದ ಒಳಗಿನ ಕಾನೂನು ಮಾತ್ರ ಗಟ್ಟಿ ಇದೆ. ಆಮದುದಾರರು ಈ ಮಿತಿಯನ್ನ ಹೈಕೋರ್ಟ್‌ಗಳಲ್ಲಿ ಪ್ರಶ್ನಿಸಿ ತಡೆಯಾಜ್ಞೆ ತಂದು ಮಾಲು ಇಳಿಸಿದ್ರು. ಅಗ್ರಿಕಾಸ್ ಅನ್ನೋ ಆಮದುದಾರ ಸಂಸ್ಥೆಯ ಪ್ರಕರಣದಲ್ಲಿ 2020ರ ಆಗಸ್ಟ್ 26ಕ್ಕೆ ಸುಪ್ರೀಂ ಕೋರ್ಟ್ ಸರ್ಕಾರದ ಮಿತಿಯನ್ನ ಎತ್ತಿಹಿಡಿಯಿತು. ಹಾಗಾಗಿ ನಮ್ಮ ಕೈಯಲ್ಲಿ ಅಧಿಕಾರವೇ ಇಲ್ಲ ಅಂತ ಸರ್ಕಾರ ಹೇಳೋಕೆ ಬರೋದಿಲ್ಲ. ಬಳಸಬೇಕು ಅನ್ನೋ ಮನಸ್ಸು ಬೇಕು, ಅಷ್ಟೇ.

ಔರಾದ_ಕರಿಮಣ್ಣು:
ಕೆನಡಾದ ರೈತಗ ಸಾವಿರಾರು ಎಕರೆ. ನನಗ ಮೂರು ಎಕರೆ. ಒಂದೇ ಕಾನೂನು ಹ್ಯಾಂಗ ಆಗ್ತದ?

ಬೀದರ್_ಓದುಗ:
ಕೆನಡಾದ ಮಾತು ಒಪ್ಪುತ್ತೇನೆ. ಆದರೆ ಮೊಜಾಂಬಿಕ್ ರೈತನದು ನಮ್ಮಷ್ಟೇ ಸಣ್ಣ ಹೊಲ, ಅದೂ ಮಳೆ ಆಶ್ರಿತ. ಅವನ ತೊಗರಿಗೆ ಭಾರತ ಬಿಟ್ಟರೆ ದೊಡ್ಡ ಗಿರಾಕಿ ಇಲ್ಲ. 2017ರಲ್ಲಿ ನಾವು ಏಕಾಏಕಿ ಬಾಗಿಲು ಹಾಕಿದಾಗ ಅಲ್ಲಿಯ ಹಳ್ಳಿಗಳಲ್ಲಿ ರೇಟ್ ನೆಲಕ್ಕೆ ಬಿತ್ತು. ಬೆಳೆಯಿರಿ ಅಂತ ಒಪ್ಪಂದ ಮಾಡಿಕೊಂಡವರು ನಾವೇ. ಇಲ್ಲಿ ನಮಗೆ ಜನವರಿಯಲ್ಲಿ ಆಗುವ ಅನ್ಯಾಯವನ್ನೇ ಅವರಿಗೆ ಆಗಸ್ಟ್‌ನಲ್ಲಿ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಜೇವರ್ಗಿ_ಹೊಲ:
ಇದು ವಿಚಾರ ಮಾಡೋ ಮಾತು. ನಾವು ಕೇಳೋದೂ ಅದೇ, ಬಿತ್ತೋದಕ್ಕಿಂತ ಮೊದಲು ಹೇಳ್ರಿ ಅಂತ. ಅವರಿಗೂ ಮೊದಲೇ ಹೇಳಲಿ, ನಮಗೂ ಮೊದಲೇ ಹೇಳಲಿ.

ಅರ್ಥಶಾಸ್ತ್ರ_ಮೇಷ್ಟ್ರು:
ಹಾಗಾದರೆ ಬೇಡಿಕೆಯನ್ನು ಹೀಗೆ ಬರೆಯಬಹುದು. ಯಾವ ಒಪ್ಪಂದ ಮಾಡಿದರೂ ಮಾಲು ಬಂದರಿಗೆ ಇಳಿಯುವ ತಿಂಗಳು ಅದರಲ್ಲಿ ಇರಲಿ. ಆಗಸ್ಟ್‌ನಿಂದ ನವೆಂಬರ್ ಮಧ್ಯದವರೆಗೆ ಬರಲಿ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬೇಡ. ಆ ವರ್ಷ ಎಷ್ಟು ಟನ್ ಅನ್ನುವುದನ್ನು ಮೇ ಕೊನೆಯ ಒಳಗೆ, ಬೆಂಬಲ ಬೆಲೆಯ ಜೊತೆಗೇ ಘೋಷಿಸಲಿ. ಗಂಜ್‌ನ ರೇಟ್ ಬೆಂಬಲ ಬೆಲೆಗಿಂತ ಕೆಳಗೆ ಎರಡು ವಾರ ನಿಂತರೆ ಒಪ್ಪಂದದ ಹೊರಗಿನ ಆಮದು ತಾನಾಗಿ 'ನಿರ್ಬಂಧಿತ' ಆಗಲಿ.

ಬೇಳೆ_ಮಿಲ್ಲಿನವ:
ಎರಡು ವಾರ ಕಡಿಮಿ ಆಯ್ತು. ಹಡಗಿನಾಗ ಇರೋ ಮಾಲು ಏನಾಗಬೇಕು? ರೊಕ್ಕ ಕಟ್ಟಿದವ ಮುಳುಗ್ತಾನ. ಒಂದು ತಿಂಗಳು ಅನ್ರಿ, ಮೊದಲೇ ಹೊರಟ ಮಾಲಿಗೆ ವಿನಾಯಿತಿ ಇಡ್ರಿ. ಆಗ ಮಿಲ್ಲಿನವರ ಸಹಿನೂ ನಾ ತರ್ತೀನಿ.

ಗಂಜ್_ಅಡತಿ:
ಒಂದು ತಿಂಗಳಾದ್ರ ಸಣ್ಣ ರೈತ ಅಷ್ಟರಾಗ ಮಾರಿ ಮುಗಿಸಿರ್ತಾನ. ಮೂರು ವಾರ ಮಾಡ್ರಿ.

ಆಳಂದ_ಟು_ಬೆಂಗಳೂರು:
ಬೇಳೆ ರೇಟ್ ಇಂತಿಷ್ಟು ದಾಟಿದರೆ ಮಿತಿ ಸಡಿಲ ಅಂತಲೂ ಸೇರಿಸಿ. ಕೊಳ್ಳುವವರನ್ನು ಬಿಟ್ಟು ಬೇಡಿಕೆ ಬರೆದರೆ ದಿಲ್ಲಿಯಲ್ಲಿ ಯಾರೂ ಓದುವುದಿಲ್ಲ.

ಔರಾದ_ಕರಿಮಣ್ಣು:
ನಾ ಅದಕ್ಕ ಒಪ್ಪಲ್ಲ. ರೇಟ್ ಏರಿದಾಗ ಅವರು ಹ್ಯಾಂಗೂ ತೆಗೀತಾರ, ನಾವ್ಯಾಕ ಬರೆದು ಕೊಡಬೇಕು?

ಅರ್ಥಶಾಸ್ತ್ರ_ಮೇಷ್ಟ್ರು:
ಬರೆದು ಕೊಟ್ಟರೆ ಯಾವ ರೇಟಿಗೆ ತೆಗೆಯಬಹುದು ಅನ್ನುವುದಾದರೂ ಗೊತ್ತಿರುತ್ತದೆ ಔರಾದದವರೇ. ಈಗ ಅದೂ ಇಲ್ಲ. 2025ರ ಅಕ್ಟೋಬರ್ 11ಕ್ಕೆ ಶುರುವಾದ ಬೇಳೆಕಾಳು ಆತ್ಮನಿರ್ಭರತಾ ಮಿಷನ್‌ಗೆ 11,440 ಕೋಟಿ ಇಟ್ಟಿದ್ದಾರೆ. ನೋಂದಾಯಿಸಿದ ರೈತರ ತೊಗರಿ, ಉದ್ದು, ಚನ್ನಂಗಿ ಬೇಳೆ ಪೂರ್ತಿ ಕೊಳ್ಳುತ್ತೇವೆ ಅಂದಿದ್ದಾರೆ. ನಾಲ್ಕು ವರ್ಷ ಅಂತ ಲಿಖಿತವಾಗಿ ಇದೆ. ಪೂರ್ತಿ ಕೊಳ್ಳುವುದಾದರೆ ಜನವರಿಯಲ್ಲಿ ಆಮದು ಯಾಕೆ ಅನ್ನುವುದು ನ್ಯಾಯವಾದ ಪ್ರಶ್ನೆ.

ಶಹಾಪುರದ_ಸೊಸಿ:
ನೋಂದಾಯಿಸಿದ ರೈತರು ಅಂದ್ರಿ. ಲಾವಣಿ ಮಾಡೋರು, ಪಹಣಿ ಇಲ್ಲದ ಹೆಣ್ಣುಮಕ್ಕಳು ಬೆಳೆ ಸಮೀಕ್ಷೆ ಮ್ಯಾಲೇ ನೋಂದಣಿ ಮಾಡ್ಸೋ ಹಾಂಗ ಆಗಬೇಕು ಅಂತ ಮೊದಲನೇ ಸಾಲಿನಾಗೇ ಬರೀರಿ. ಕೊನೆಗೆ ಹಾಕಬ್ಯಾಡ್ರಿ.

ಜೇವರ್ಗಿ_ಹೊಲ:
ಮೊದಲನೇ ಸಾಲೇ ಅದು ಅಕ್ಕಾ. ಮೂರು ವಾರ ಅಂತ ಹಾಕ್ತೀನಿ, ಹೊರಟ ಮಾಲಿನ ವಿನಾಯಿತಿನೂ ಹಾಕ್ತೀನಿ. ಬೇಳೆ ರೇಟಿನ ಮಾತು ಇನ್ನೂ ಬಗೆಹರಿದಿಲ್ಲ, ಇಲ್ಲೇ ಮಾತಾಡ್ರಿ. ವಕೀಲರು ಕಾಯ್ದೆ ಭಾಗ ಬರೆದು ಕೊಟ್ರ ರವಿವಾರ ಮೂರೂ ಜಿಲ್ಲೆಯವರು ಗಂಜ್‌ದಾಗ ಕೂತು ಓದೋಣ. ಬಜೆಟ್ ಅಧಿವೇಶನ ಶುರು ಆಗೋದಕ್ಕ ಮುಂಚೆ ಮೂರೂ ಜಿಲ್ಲಾಧಿಕಾರಿಗಳಿಗೆ, ಸಂಸದರಿಗೆ ಒಂದೇ ದಿನ ಕೊಡಬೇಕು.

ಸೇಡಂ_ವಕೀಲ:
ಶನಿವಾರ ಸಂಜೆ ಹಾಕ್ತೀನಿ. ವಾಣಿಜ್ಯ ಸಚಿವಾಲಯಕ್ಕೂ ಒಂದು ಪ್ರತಿ ಹೋಗಲಿ, ಆದೇಶ ಹೊರಡೋದು ಅಲ್ಲಿಂದ. ಬರೀ ಕೃಷಿ ಸಚಿವರಿಗೆ ಕೊಟ್ಟರೆ ಆಗೋದಿಲ್ಲ.